ಲೈಫ್‌ಬೋಟ್ ಯಾವಾಗಲೂ ನೀರಲ್ಲೇ ಇರುತ್ತಾ?
ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕವರನ್ನು ಕಾಪಾಡಲು ಹೋಗುವ ಬ್ರಿಟನ್ನಿನ ಲೈಫ್‌ಬೋಟನ್ನು ನೀರಲ್ಲೇ ಕಟ್ಟಿರುತ್ತಾರಾ, ಇಲ್ಲಾ ಕರೆ ಬಂದಾಗ ಇಳಿಸುತ್ತಾರಾ ಅಂತ ಕೇಳಿದ್ದೀರಿ. ಎರಡೂ ಇದೆ. ನಿಮ್ಮ ಹಾಗೆ ನಾನೂ ದಾವಣಗೆರೆಯವನೇ. ಹರಿಹರದ ಹೊಳೆಯಲ್ಲಿ ದೋಣಿಗೆ ಒಂದು ಗೂಟ, ಒಂದು ಹಗ್ಗ ಸಾಕು, ಅಲ್ವಾ? ಆದರೆ ಬ್ರಿಟನ್ನಿನಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಗೋಡೆಗೆ ಬಿಗಿಯಾಗಿ ಕಟ್ಟಿದರೆ ಇಳಿತದಲ್ಲಿ ಬೋಟು ಹಗ್ಗಕ್ಕೆ ನೇತಾಡುತ್ತದೆ! ಅದಕ್ಕೇ 17 ಮೀಟರಿನ ‘ಸೆವರ್ನ್’ ಮಾದರಿಯಂಥ ದೊಡ್ಡ ಲೈಫ್‌ಬೋಟನ್ನು ನೀರಿನ ಜೊತೆಗೇ ಏರಿಳಿಯುವ ತೇಲುವ ಕಟ್ಟೆಗೆ ಕಟ್ಟುತ್ತಾರೆ. ಹಗ್ಗ ಬಿಚ್ಚಿದರೆ ಹೊರಟಂತೆ.

ಇನ್ನು ಕೆಲವು ಕಡೆ ಬೋಟನ್ನು ದಡದ ಶೆಡ್ಡಿನಲ್ಲಿ ಇಟ್ಟಿರುತ್ತಾರೆ, ಅಲ್ಲಿಂದ ನೀರಿಗೆ ಇಳಿಜಾರು ದಾರಿ. ಶೆಡ್ಡಿನಲ್ಲೇ ಎಂಜಿನ್ ಶುರು ಮಾಡಿ, ಹಿಡಿದಿಟ್ಟ ಕೊಕ್ಕೆ ಬಿಟ್ಟ ಕೂಡಲೇ ಬೋಟು ತನ್ನ ಭಾರಕ್ಕೇ ಜಾರಿ ದಬಕ್ ಅಂತ ನೀರಿಗೆ ಬೀಳುತ್ತದೆ. ನೋಡೋಕೆ ಅದೇ ಚಂದ. ವಾಪಸ್ ಬಂದಮೇಲೆ ಹಗ್ಗ ಸುತ್ತಿ ಎಳೆಯುವ ವಿಂಚ್ ಯಂತ್ರದಲ್ಲಿ ಮೇಲೆಳೆಯುವ ಕೆಲಸ ಮಾತ್ರ ಜಾಸ್ತಿ. ಮರಳ ದಂಡೆಯಲ್ಲಾದರೆ ಟ್ರ್ಯಾಕ್ಟರೇ ಬೋಟನ್ನು ನೀರೊಳಗೆ ಒಯ್ದು ಬಿಡುತ್ತದೆ.