ಅಮ್ಮನಿಗೆ ಕಾಯಿಲೆ ಇರುವಾಗ ಕವಿತೆ ಬರೀಬಹುದಾ?

ಪ್ರಶ್ನೆ: ಅಕ್ಕಾ, ನಮ್ಮಮ್ಮನಿಗೆ ಕ್ಯಾನ್ಸರ್, ಕೀಮೋ ನಡೀತಿದೆ. ಬಾಯಿರುಚಿ ಪೂರ್ತಿ ಕೆಟ್ಟಿದೆ, ಸ್ಟೀಲ್ ಚಮಚ ಬಾಯಿಗಿಟ್ರೆ ಕಬ್ಬಿಣ ನೆಕ್ಕಿದ ಹಾಗಾಗತ್ತೆ ಅಂತ ಪಕ್ಕಕ್ಕಿಟ್ಬಿಡ್ತಾಳೆ. ಅವಳು ಮಲಗಿದ ಮೇಲೆ ನಾನು ಮೊಬೈಲಲ್ಲಿ ಕವಿತೆ ಬರೀತೀನಿ, ಬತ್ತಿದ ನದಿ, ಆರೋ ದೀಪ ಅಂತೆಲ್ಲ. ಬರೆದಾದ್ಮೇಲೆ ಅಳು ಬರತ್ತೆ, ಅಮ್ಮ ನರಳ್ತಿರುವಾಗ ಪದ್ಯ ಕಟ್ತಾ ಕೂತಿದೀನಲ್ಲ ಅಂತ ಗಿಲ್ಟ್ ಬೇರೆ. ನಿಲ್ಲಿಸ್ಬಿಡ್ಲಾ? ಸ್ಟೇಟಸ್‌ಗೆ ಹಾಕು ಅಂತ ಫ್ರೆಂಡ್ಸ್ ಹೇಳ್ತಾರೆ, ಹಾಕ್ಲಾ?
– ಹೆಸರು ಬೇಡ

ಉತ್ತರ: ನಿಲ್ಲಿಸ್ಬೇಡಿ. ಹಗಲೆಲ್ಲ ಊಟ, ಮಾತ್ರೆ, ಆಸ್ಪತ್ರೆ ಅಂತ ಓಡಾಡ್ತಾ ಅಮ್ಮನ ಮುಂದೆ ಧೈರ್ಯವಾಗಿರ್ತೀರ, ಆ ಭಯಾನ ಎಲ್ಲಾದ್ರೂ ಇಳಿಸ್ಲೇಬೇಕಲ್ವಾ, ಅದನ್ನ ಬರವಣಿಗೇಲಿ ಇಳಿಸ್ತಿದೀರ, ಅಷ್ಟೇ, ಇದರಿಂದ ಅಮ್ಮನಿಗೆ ಏನೂ ಕಮ್ಮಿ ಆಗಲ್ಲ. ಅಳು ಬರೋದೂ ಸಹಜ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್, ಸ್ಯಾಂಡ್ರಾ ಬೀಲ್ ಅನ್ನೋ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಕೈಲಿ ದಿನಕ್ಕೆ 15 ನಿಮಿಷ, ಹೀಗೆ 4 ದಿನ ಬರೆಸಿದ್ರು. ಬದುಕಲ್ಲಾದ ದೊಡ್ಡ ಆಘಾತಾನ, ಆಗ ಮನಸ್ಸಿಗೇನಾಯ್ತು ಅನ್ನೋದನ್ನೂ ಸೇರಿಸಿ ಬರೆದವ್ರು ಆ ಕ್ಷಣಕ್ಕೆ ಕುಗ್ಗಿಹೋದ್ರು, ಆದ್ರೆ ಮುಂದಿನ 6 ತಿಂಗಳಲ್ಲಿ ಹೆಲ್ತ್ ಸೆಂಟರಿಗೆ ಹೋಗಿದ್ದು ಉಳಿದವ್ರಿಗಿಂತ ಕಮ್ಮಿ. ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಇಂಥ ಫಲ ಬಂದಿಲ್ಲ, ಹಾಗಾಗಿ ಇದು ಔಷಧಿ ಅಂತ ನಾನು ಹೇಳಲ್ಲ. ಬರೆದ ರಾತ್ರಿಯೆಲ್ಲ ನಿದ್ದೆ ಬಾರದೆ ಬೆಳಿಗ್ಗೆ ಏಳೋಕೇ ಆಗ್ತಿಲ್ಲ ಅಂದ್ರೆ ನಾಲ್ಕು ದಿನ ಬಿಡಿ, ಹತ್ತಿರದವ್ರ ಹತ್ರಾನೋ ಕೌನ್ಸೆಲರ್ ಹತ್ರಾನೋ ಮಾತಾಡಿ.

ಇನ್ನು ಪದ್ಯದ ವಿಷಯ, ನನಗೆ ಹೆಚ್ಚು ಹೇಳ್ಬೇಕಿರೋದು ಇಲ್ಲೇ. ಬತ್ತಿದ ನದಿ, ಆರೋ ದೀಪ ಯಾರ ಅಮ್ಮನಿಗೆ ಬೇಕಾದ್ರೂ ಹೊಂದತ್ತೆ, ಆದ್ರೆ ಆ ಚಮಚ ಯಾಕೆ ನಿಮ್ಮ ಪದ್ಯದಲ್ಲಿಲ್ಲ? ಕೀಮೋ ತಗೊಳ್ಳೋ ತುಂಬ ಜನಕ್ಕೆ ಬಾಯಲ್ಲಿ ಲೋಹದ ರುಚಿ ಬರತ್ತೆ (ಮರದ್ದೋ ಪ್ಲಾಸ್ಟಿಕ್ಕಿನದೋ ಚಮಚ ಕೊಟ್ಟು ನೋಡಿ, ಎಷ್ಟೋ ಜನಕ್ಕೆ ಹಿತ ಅನ್ಸತ್ತೆ), ಆದ್ರೆ ನಿಮ್ಮಮ್ಮ ಅದನ್ನ ಹೇಗೆ ಪಕ್ಕಕ್ಕಿಟ್ರು, ಸದ್ದಾಗದ ಹಾಗಾ, ಸಿಟ್ಟಿಂದಾನಾ, ಇಟ್ಟಾದ್ಮೇಲೆ ನಿಮ್ಮ ಮುಖ ನೋಡಿದ್ರಾ, ಅದು ನಿಮಗೊಬ್ರಿಗೇ ಗೊತ್ತು, ಅದನ್ನ ಬರೀರಿ. ಬೇಂದ್ರೆಯವರು ಮಗು ಕಳಕೊಂಡ ದುಃಖದಲ್ಲಿ ಬರೆದ ‘ನೀ ಹೀಂಗ ನೋಡಬ್ಯಾಡ ನನ್ನ’ ಇನ್ನೊಮ್ಮೆ ಓದಿ, ಕಾಯಿಲೆ ವಿವರಾನೇ ಇಲ್ಲದೆ ಹೆಂಡತಿಯ ನೋಟ ಒಂದನ್ನೇ ಹಿಡ್ಕೊಂಡು ಇಡೀ ಪದ್ಯ ನಿಂತಿದೆ. ಮತ್ತೆ, ಯುದ್ಧ, ಯೋಧೆ, ಗೆಲುವು ಅನ್ನೋದನ್ನ ದಯವಿಟ್ಟು ದೂರ ಇಡಿ, ನಾಳೆ ಟ್ರೀಟ್‌ಮೆಂಟ್ ಫಲಿಸದೆ ಹೋದ್ರೆ ಅವರು ಸೋತವ್ರು ಅಂತಾಗ್ಬಿಡತ್ತೆ, ಅದು ಅನ್ಯಾಯ.

ಸ್ಟೇಟಸ್‌ಗೆ ಅಮ್ಮನ್ನ ಕೇಳದೆ ಹಾಕ್ಬೇಡಿ. ದುಃಖ ನಿಮ್ದು, ಆದ್ರೆ ಉದುರಿದ ಕೂದಲು, ವಾಂತಿ, ನೋವು ಎಲ್ಲ ಅವರ ಮೈಯಿಂದು, ಯಾರಿಗೆ ಗೊತ್ತಾಗ್ಬೇಕು ಅಂತ ಅವರೇ ಹೇಳ್ಬೇಕು.

ಪ್ರಶ್ನೆ: ಅಪ್ಪನಿಗೆ ಮರೆವಿನ ಕಾಯಿಲೆ. ಅವರ ಬಗ್ಗೆ ಬರೆದ ಪದ್ಯಗಳನ್ನ ಅವರಿಗೇ ಓದಿ ಹೇಳ್ಬಹುದಾ?
– ಒಬ್ಬ ಓದುಗ

ಉತ್ತರ: ಹೇಳಿ, ಆದ್ರೆ ಮರೆವಿನ ಬಗ್ಗೆ ಬರೆದಿದ್ದು ಬೇಡ, ಅವರ ಕೆಲಸ, ಓಡಾಟ, ಅವರು ನಿಮ್ಮನ್ನ ಬೆಳೆಸಿದ ರೀತಿ ಇರೋದನ್ನ ಓದಿ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪದ್ಯ ಯಾವುದಾದ್ರೂ ಇದ್ರೆ ಮೊದ್ಲು ಅದನ್ನೇ ಶುರು ಮಾಡಿ, ಮನೆಯವ್ರ ಹೆಸರು ಮರೆತವ್ರಲ್ಲೂ ಎಷ್ಟೋ ಸಲ ಹಳೇ ಪದ್ಯ ಉಳ್ಕೊಂಡಿರತ್ತೆ, ನೀವು ಅರ್ಧಕ್ಕೆ ನಿಲ್ಲಿಸಿದ್ರೆ ಮುಂದಿನ ಸಾಲು ಅವರೇ ಹೇಳಿದ್ರೂ ಹೇಳ್ಬಹುದು. ಹೇಳ್ದೇ ಇದ್ರೆ ನೀವೇ ಮುಂದುವರಿಸಿ, ‘ನೆನಪಿದೆಯಾ ಅಪ್ಪಾ?’ ಅಂತ ಮಾತ್ರ ಕೇಳ್ಬೇಡಿ, ಪರೀಕ್ಷೆಗೆ ಕೂರಿಸಿದ ಹಾಗಾಗತ್ತೆ.