ಓದುಗರ ಪ್ರಶ್ನೆ: ಹಾರ್ಡ್‌ವಿಕ್ ಮನೆಯ ಗಾಜು, ಗೋಡೆ, ಮಹಡಿ

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್ ಎಂಬ ಹಳೇ ಮನೆಯ ಚಿತ್ರ ಹಾಕಿದ್ದೆವು. ಅದರ ಬಗ್ಗೆಯೇ ಪತ್ರಗಳು ಜಾಸ್ತಿ ಬಂದಿವೆ. ನಾನು ತರಗತಿಯಲ್ಲಿ ಮತ್ತೆ ಮತ್ತೆ ಪಾಠ ಮಾಡುವ ಮನೆ ಅದು. ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಊರಿಂದ ಬಂದಿದ್ದ ಅಮ್ಮನನ್ನು ಹಾರ್ಡ್‌ವಿಕ್‌ಗೆ ಕರೆದುಕೊಂಡು ಹೋಗಿದ್ದೆ. "ಇಷ್ಟು ಚಳಿ ಇರೋ ಕಡೆ ಇಷ್ಟೊಂದು ಕಿಟಕಿ ಯಾಕೆ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. (ಓದುಗರೊಬ್ಬರು, ನಾಟಿಂಗ್‌ಹ್ಯಾಮ್)

ಅಮ್ಮ ಸರಿಯಾಗೇ ಕೇಳಿದ್ದಾರೆ. ಆ ಮನೆಯಲ್ಲಿ ಚಳಿ ಕಾಡುತ್ತಿದ್ದದ್ದು ನಿಜ. 1601ರಲ್ಲಿ ಮನೆಯೊಡತಿ ಬರೆಸಿದ ಸಾಮಾನಿನ ಪಟ್ಟಿ ಇಂದಿಗೂ ಉಳಿದಿದೆ. ಅವಳ ಮಲಗುವ ಕೋಣೆಯ ಸಾಮಾನಿನಲ್ಲಿ ಕಿಟಕಿಗೆ ಅಡ್ಡ ತೂಗುಹಾಕುವ ಹೊದಿಕೆಗಳೂ ಸೇರಿವೆ. ಅಷ್ಟೊಂದು ಗಾಜು ಹಾಕಿಸಿದವಳೇ ರಾತ್ರಿ ಅದನ್ನು ಮುಚ್ಚಿಸಬೇಕಾಗಿತ್ತು.

ಆ ಒಡತಿಯ ಹೆಸರು ಎಲಿಜಬೆತ್, ಶ್ರೂಸ್‌ಬರಿಯ ಕೌಂಟೆಸ್, ಅಂದರೆ ಅರ್ಲ್ ಎಂಬ ದೊಡ್ಡ ಪದವಿಯವನ ಹೆಂಡತಿ. ಜನ ಕರೆಯುವುದು ಬೆಸ್ ಆಫ್ ಹಾರ್ಡ್‌ವಿಕ್ ಅಂತ. ಅದೇ ಹಾರ್ಡ್‌ವಿಕ್‌ನ ಸಾಧಾರಣ ಜಮೀನುದಾರನೊಬ್ಬನ ಮಗಳು. ನಾಲ್ಕು ಮದುವೆಯಾದಳು, ನಾಲ್ಕು ಸಲವೂ ವಿಧವೆಯಾದಳು. ಕೊನೆಯ ಗಂಡ, ಶ್ರೂಸ್‌ಬರಿಯ ಅರ್ಲ್, 1590ರಲ್ಲಿ ತೀರಿಕೊಂಡಾಗ ಅವಳಿಗೆ ವಯಸ್ಸು ಅರವತ್ತು ದಾಟಿತ್ತು. ಇಡೀ ಇಂಗ್ಲೆಂಡಿನ ಅತಿ ಶ್ರೀಮಂತರಲ್ಲಿ ಅವಳೂ ಒಬ್ಬಳು. ಅದೇ ವರ್ಷ ಈ ಮನೆಯ ಕೆಲಸ ಶುರುವಾಯಿತು. 1597ರಲ್ಲಿ ಅವಳು ಒಳಗೆ ಕಾಲಿಟ್ಟಳು.

ಆಗ ಗಾಜು ದುಬಾರಿ. ದೊಡ್ಡ ಹಾಳೆ ಮಾಡಲು ಬರುತ್ತಿರಲಿಲ್ಲ. ಅಂಗೈಯಗಲದ ತುಂಡುಗಳನ್ನು ಸೀಸದ ಪಟ್ಟಿಗಳಲ್ಲಿ ಕೂರಿಸಿ, ಕಲ್ಲಿನ ಚೌಕಟ್ಟಿಗೆ ಜೋಡಿಸಬೇಕಿತ್ತು. ಗೋಡೆ ತುಂಬ ಗಾಜು ಇದೆ ಅಂದರೆ ಮನೆಯವರ ಹಣ ಮೈಲಿ ದೂರಕ್ಕೂ ಕಾಣುತ್ತಿತ್ತು. ಬೆಸ್‌ಗೆ ಗಾಜಿನ ಕುಲುಮೆ ಸ್ವಂತದ್ದೇ ಇತ್ತು. ಕಲ್ಲು ಬಂದದ್ದೂ ಅವಳದೇ ಜಮೀನಿನಿಂದ. "ಹಾರ್ಡ್‌ವಿಕ್ ಹಾಲ್, ಗೋಡೆಗಿಂತ ಗಾಜೇ ಜಾಸ್ತಿ" ಎಂಬ ಮಾತು ಅಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಅದೂ ಸಾಲದೆಂಬಂತೆ, ಗೋಪುರಗಳ ನೆತ್ತಿಯ ಮೇಲೆ ತನ್ನ ಹೆಸರಿನ ಇ, ಎಸ್ ಅಕ್ಷರಗಳನ್ನು ಕಲ್ಲಿನಲ್ಲಿ ಕಡೆಸಿ ಆಕಾಶಕ್ಕೆ ನಿಲ್ಲಿಸಿದ್ದಾಳೆ. ಆಸ್ತಿಯೆಲ್ಲ ಗಂಡನ ಕೈಯಲ್ಲೇ ಇರುತ್ತಿದ್ದ ಕಾಲ ಅದು. ಆ ಎರಡು ಅಕ್ಷರ ಕಂಡಾಗಲೆಲ್ಲ ಅವಳ ಮೇಲೆ ನನಗೆ ಗೌರವ ಉಕ್ಕುತ್ತದೆ.

ಪ್ರಶ್ನೆ: ಗೋಡೆಯೆಲ್ಲ ಕಿಟಕಿಯಾದರೆ ಭಾರ ಹೊರುವುದು ಯಾವುದು? ಆಗ ಉಕ್ಕು, ಕಾಂಕ್ರೀಟ್ ಇರಲಿಲ್ಲ ಅಲ್ವಾ? (ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ನನ್ನ ಮಟ್ಟಿಗೆ ಈ ಮನೆಯ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಇದು. ಕಿಟಕಿ ನೋಡಿ ಬೆರಗಾಗುವವರು ಬೇಕಾದಷ್ಟು ಜನ. ಆ ಕಿಟಕಿಗಾಗಿ ಮನೆಯ ಹೊಟ್ಟೆಯೊಳಗೆ ಏನೇನು ಅದಲುಬದಲಾಯಿತು ಅಂತ ನೋಡುವವರು ಕಡಿಮೆ.

ಚಳಿ ದೇಶದ ಮನೆಗೆ ಅಗ್ಗಿಷ್ಟಿಕೆ ಬೇಕು. ಅಗ್ಗಿಷ್ಟಿಕೆಗೆ ಹೊಗೆಗೂಡು ಬೇಕು. ಅದು ದಪ್ಪ ಕಲ್ಲಿನ ಕಟ್ಟಡ. ಹೊರಗೋಡೆಯಲ್ಲೇ ಅದನ್ನು ಎಬ್ಬಿಸಿದರೆ ಅಷ್ಟು ಜಾಗ ಕಿಟಕಿಗೆ ಸಿಗುವುದಿಲ್ಲ. ಇಲ್ಲಿ ಹೊಗೆಗೂಡುಗಳನ್ನು ಒಳಗೋಡೆಗಳಿಗೆ ತಳ್ಳಿದ್ದಾರೆ. ದಪ್ಪ ಒಳಗೋಡೆಗಳು ಹೊಗೆಯನ್ನೂ ಸಾಗಿಸುತ್ತವೆ, ಭಾರವನ್ನೂ ಹೊರುತ್ತವೆ. ಅದಕ್ಕೇ ಹೊರಗೋಡೆ ಹಗುರವಾಗಿ ಗಾಜಿಗೆ ದಾರಿ ಬಿಟ್ಟಿದೆ. ಆರು ಗೋಪುರಗಳು ಅಂಚಿನಿಂದ ಮುಂದಕ್ಕೆ ಚಾಚಿಕೊಂಡು ಗೋಡೆಗಳಿಗೆ ಒತ್ತಾಸೆ ಕೊಡುತ್ತವೆ. ಕಿಟಕಿಯೊಳಗಿನ ಕಲ್ಲಿನ ಅಡ್ಡಪಟ್ಟಿ, ಉದ್ದಪಟ್ಟಿಗಳು ಗಾಜನ್ನು ಬಿಗಿಯಾಗಿ ಹಿಡಿದಿವೆ.

ಇಷ್ಟಾದರೂ ಕೆಲವು ಕಡೆ ಲೆಕ್ಕ ಕೂಡಲಿಲ್ಲ. ಅಲ್ಲಿ ಗಾಜಿನ ಹಿಂದೆ ಸುಮ್ನೆ ಗೋಡೆ ಇದೆ! ಹೊರಗಿನ ಸಾಲು ಕೆಡಬಾರದು ಅಂತ ಹಾಕಿದ ಸುಳ್ಳು ಕಿಟಕಿಗಳು ಅವು. ಇನ್ನು ಕೆಲವು ಎತ್ತರದ ಕಿಟಕಿಗಳ ಹಿಂದೆ, ಒಂದರ ಮೇಲೊಂದು ಎರಡು ತಗ್ಗು ಕೋಣೆಗಳಿವೆ. ನೀವು ಈ ಮನೆಯ ಅಡ್ಡಕೊಯ್ತದ ನಕ್ಷೆ ಒಂದು ಬರೆದು ನೋಡಿ. ಹೊರಗೆ ಕಾಣುವ ಶಿಸ್ತಿಗೂ ಒಳಗಿನ ಏರುಪೇರಿಗೂ ಎಷ್ಟು ಅಂತರ ಅಂತ ಪೆನ್ಸಿಲ್ ಹಿಡಿದಾಗಲೇ ಗೊತ್ತಾಗುವುದು.

ನಕ್ಷೆ ರಾಬರ್ಟ್ ಸ್ಮಿತ್ಸನ್‌ನದು ಎಂಬುದು ಎಲ್ಲರೂ ಒಪ್ಪುವ ಮಾತು. ಮೂಲತಃ ಕಲ್ಲುಕೆಲಸದ ಮೇಸ್ತ್ರಿ. ನಾಟಿಂಗ್‌ಹ್ಯಾಮ್‌ನ ವೊಲಾಟನ್ ಹಾಲ್ ಕೂಡ ಅವನದೇ. 1614ರಲ್ಲಿ ತೀರಿಕೊಂಡ. ಸಮಾಧಿಕಲ್ಲಿನ ಮೇಲೆ ಅವನನ್ನು ವಾಸ್ತುಶಿಲ್ಪಿ ಎಂದೇ ಕೆತ್ತಿದ್ದಾರೆ. ಆ ಕಾಲದ ಒಬ್ಬ ಮೇಸ್ತ್ರಿಗೆ ಇದು ಸಣ್ಣ ಗೌರವ ಅಲ್ಲ.

ಪ್ರಶ್ನೆ: ಮೇಲಕ್ಕೆ ಹೋದಂತೆ ಕಿಟಕಿಗಳು ದೊಡ್ಡದಾಗುತ್ತವೆ. ಸಾಮಾನ್ಯವಾಗಿ ಉಲ್ಟಾ ಇರಬೇಕಲ್ಲ? (ಗೃಹಿಣಿ, ಶಿವಮೊಗ್ಗ)

ನಿಮ್ಮ ಕಣ್ಣು ಚುರುಕಾಗಿದೆ. ಕೆಳಮಹಡಿಯಲ್ಲಿ ಅಡುಗೆಮನೆ, ಆಳುಕಾಳು. ನಡುವಿನದರಲ್ಲಿ ಬೆಸ್ ಮತ್ತು ಮನೆಮಂದಿ. ಎಲ್ಲಕ್ಕಿಂತ ಮೇಲಿನದು ದೊಡ್ಡ ಅತಿಥಿಗಳ ದರ್ಬಾರಿಗೆ. ಮರ್ಯಾದೆ ಏರಿದಂತೆ ಚಾವಣಿಯೂ ಏರಿದೆ, ಕಿಟಕಿಯೂ ಏರಿದೆ.

ಅಲ್ಲಿಗೆ ಹೋಗುವ ಕಲ್ಲಿನ ಮೆಟ್ಟಿಲನ್ನು ನಾನು ಮರೆಯಲಾರೆ. ನೇರವಾಗಿ ಹತ್ತಿಸುವುದಿಲ್ಲ. ಮನೆಯೊಳಗೇ ಸುತ್ತಾಡಿಸಿ, ನೆರಳಿಂದ ಬೆಳಕಿಗೆ, ಮತ್ತೆ ನೆರಳಿಗೆ ಕರೆದೊಯ್ದು, ಕೊನೆಗೆ ದರ್ಬಾರು ಕೋಣೆಯ ಬಾಗಿಲಿಗೆ ಬಿಡುತ್ತದೆ. ಒಳಗೆ ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಬಣ್ಣ ಹಚ್ಚಿದ ಗಾರೆಯ ಕಾಡು. ಮರ, ಜಿಂಕೆ, ನಡುವೆ ಬೇಟೆಯ ದೇವತೆ ಡಯಾನಾ. ಅಬ್ರಹಾಂ ಸ್ಮಿತ್ ಎಂಬ ಗಾರೆ ಕೆಲಸಗಾರನ ಕೈಚಳಕ. ಹಬ್ಬದೂಟದ ತಟ್ಟೆಗಳನ್ನು ಆಳುಗಳು ಕೆಳಗಿನಿಂದ ಇಷ್ಟೂ ಮೆಟ್ಟಿಲು ಹತ್ತಿ ಮೆರವಣಿಗೆಯಲ್ಲಿ ತರುತ್ತಿದ್ದರು. ಆ ಊಟ ಬಿಸಿಯಾಗಿ ಬಾಯಿಗೆ ಸೇರುತ್ತಿತ್ತು ಅಂತ ನನಗಂತೂ ಅನಿಸುವುದಿಲ್ಲ.

ಪ್ರಶ್ನೆ: ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಇಲ್ಲೇ ಸೆರೆಯಿಟ್ಟಿದ್ದರಂತೆ, ಹೌದಾ? (ಓದುಗರು, ಧಾರವಾಡ)

ಇಲ್ಲ. ಮೇರಿ ಹಲವು ವರ್ಷ ಬೆಸ್‌ಳ ನಾಲ್ಕನೆಯ ಗಂಡನ ಕಾವಲಿನಲ್ಲಿದ್ದದ್ದು ನಿಜ, ಆದರೆ ಬೇರೆ ಮನೆಗಳಲ್ಲಿ. ಅವಳ ತಲೆ ಕಡಿದದ್ದು 1587ರಲ್ಲಿ. ಈ ಮನೆಗೆ ಆಗ ಪಾಯವೂ ಬಿದ್ದಿರಲಿಲ್ಲ.

ಪ್ರಶ್ನೆ: ನಾಲ್ಕು ನೂರು ವರ್ಷ ಮನೆ ಹಾಗೇ ಉಳಿದದ್ದು ಹೇಗೆ? (ನಿವೃತ್ತ ಶಿಕ್ಷಕರು, ಮಂಡ್ಯ)

ಬೆಸ್ 1608ರಲ್ಲಿ ತೀರಿಕೊಂಡಳು. ಅವಳ ವಂಶದವರು, ಡೆವನ್‌ಶೈರ್ ಡ್ಯೂಕ್‌ಗಳು, ಹೆಚ್ಚಾಗಿ ಇದ್ದದ್ದು ಚಾಟ್ಸ್‌ವರ್ತ್ ಎಂಬ ಇನ್ನೊಂದು ಮನೆಯಲ್ಲಿ. ಹೊಸ ಫ್ಯಾಷನ್ ಬಂದಾಗಲೆಲ್ಲ ಆ ಮನೆಯನ್ನು ಬದಲಿಸಿದರು, ಹಾರ್ಡ್‌ವಿಕ್ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. 1950ರಲ್ಲಿ ಹತ್ತನೇ ಡ್ಯೂಕ್ ತೀರಿಕೊಂಡಾಗ ಭಾರಿ ತೆರಿಗೆ ಬಿತ್ತು. ಆ ಬಾಬ್ತಿನಲ್ಲಿ ಮನೆ ಸರ್ಕಾರಕ್ಕೆ ಹೋಗಿ, 1959ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿತು.

ಕಾಪಾಡುವುದು ಸುಲಭದ ಕೆಲಸವಲ್ಲ. ಮೇಲಿನ ಮಹಡಿಯಲ್ಲಿ ಸುಮಾರು 50 ಮೀಟರ್ ಉದ್ದದ ಲಾಂಗ್ ಗ್ಯಾಲರಿ ಇದೆ. ಬೈಬಲಿನ ವೀರ ಗಿಡಿಯೋನನ ಕಥೆ ಹೇಳುವ 13 ನೇಯ್ಗೆ ಪರದೆಗಳು ಅಲ್ಲಿಯವು. ಬೆಸ್ ಅವನ್ನು 1592ರಲ್ಲಿ ಕೊಂಡಿದ್ದಳು. ಅವುಗಳ ದುರಸ್ತಿಗೆ 24 ವರ್ಷ ಹಿಡಿಯಿತು, 2023ರಲ್ಲಿ ಮುಗಿಯಿತು. ಹೊಗೆ, ಧೂಳಿನ ಜೊತೆಗೆ ಬೆಳಕೂ ಬಟ್ಟೆಯನ್ನು ಸವೆಸುತ್ತದೆ. ನೀವು ಹೋದ ದಿನ ಒಳಗೆ ಕಿಟಕಿಗಳಿಗೆ ಪರದೆ ಇಳಿಬಿಟ್ಟಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಸಂಜೆ ಹೊರಗೆ ಬಂದು ಪಶ್ಚಿಮದ ಕಡೆ ನಿಂತು ನೋಡಿ, ಬಿಸಿಲು ಅಷ್ಟೂ ಗಾಜಿಗೆ ನೇರ ಬೀಳುತ್ತದೆ.