ಒಹಾಯೊದಲ್ಲಿ ಮೊದಲ ಜಿಂಕೆ ಶಿಕಾರಿ: ಬಿಲ್ಲೋ, ಕೋವಿಯೋ?

ಸರ್, ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಊರು ಮಡಿಕೇರಿ ಕಡೆ, ಈಗ ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ ಮನೆ, ಎಚ್-1ಬಿ ವೀಸಾ. ಈ ಸೀಸನ್ನಿಗೆ ಮೊದಲ ಸಲ ವೈಟ್‌ಟೇಲ್ ಜಿಂಕೆಗೆ ಹೋಗಬೇಕು, ಬಿಲ್ಲು ಕಲಿಯುವುದೋ ಕೋವಿ ಕೊಳ್ಳುವುದೋ ತಿಳಿಯುತ್ತಿಲ್ಲ. ಈ ಚರ್ಚೆಯಲ್ಲಿ ನನಗಿಂತ ಮೊದಲು ಉತ್ತರಿಸಿದ ಒಬ್ಬರು ಬಿಲ್ಲೇ ನಿಜವಾದ ಶಿಕಾರಿ ಅಂದಿದ್ದಾರೆ, ಇನ್ನೊಬ್ಬರು ಕೊಡಗಿನವರಿಗೆ ಬಿಲ್ಲು ಯಾಕೆ ಅಂತ ನಕ್ಕಿದ್ದಾರೆ. ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಒಹಾಯೊದಲ್ಲಿ ಇದನ್ನು ತೀರ್ಮಾನಿಸುವುದು ಹೆಚ್ಚಾಗಿ ಕ್ಯಾಲೆಂಡರು, ಆಮೇಲೆ ನಿಮಗೆ ಸಿಗುವ ಜಾಗ. ನಮ್ಮ ಇಷ್ಟಕ್ಕೆ ಉಳಿಯುವುದು ಸ್ವಲ್ಪವೇ.

ಕ್ಯಾಲೆಂಡರ್ ನೋಡಿ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾದರೆ ಫೆಬ್ರವರಿ ಮೊದಲ ವಾರದವರೆಗೂ ನಡೆಯುತ್ತದೆ. ಕೋವಿಯ ಸೀಸನ್ ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರದಿಂದ ಏಳು ದಿನ, ಡಿಸೆಂಬರ್‌ನಲ್ಲಿ ಇನ್ನೊಂದು ವಾರಾಂತ್ಯ, ಅಷ್ಟೇ. ಜನವರಿಯಲ್ಲಿ ಮದ್ದು ತುಂಬುವ ಮಜಲ್‌ಲೋಡರ್‌ಗೆ ನಾಲ್ಕು ದಿನ ಇದೆ, ಅದರ ಕಥೆ ಬೇರೆ. ಈಗ ಜಿಂಕೆಯ ಕಡೆಯಿಂದ ಯೋಚಿಸಿ. ಇಲ್ಲಿ ಬೆದೆಯ ಕಾಲ ಏರುವುದು ನವೆಂಬರ್ ಮೊದಲರ್ಧದಿಂದ ಮಧ್ಯಭಾಗದವರೆಗೆ. ವರ್ಷವಿಡೀ ಕತ್ತಲಾದ ಮೇಲೆ ಮಾತ್ರ ಓಡಾಡುವ ದೊಡ್ಡ ಗಂಡುಗಳು ಆ ಎರಡು ಮೂರು ವಾರ ಹಾಡಹಗಲೇ ಮೂಗು ನೆಲಕ್ಕೆ ಹಚ್ಚಿಕೊಂಡು ಹೆಣ್ಣಿನ ಹಿಂದೆ ಓಡುತ್ತವೆ. ಆಗ ಕಾಡಿನಲ್ಲಿ ಇರಲು ಅವಕಾಶವಿರುವುದು ಬಿಲ್ಲಿನವನಿಗೆ ಮಾತ್ರ. ಕೋವಿಯವನು ಒಳಗೆ ಕಾಲಿಡುವ ಹೊತ್ತಿಗೆ ಆ ಸಂಭ್ರಮ ಇಳಿದಿರುತ್ತದೆ, ಮೊದಲ ದಿನದ ಈಡಿನ ಸದ್ದಿಗೇ ಉಳಿದವೆಲ್ಲ ಪೊದೆ ಸೇರಿರುತ್ತವೆ.

ಇನ್ನೊಂದು ನಿಯಮ ಹೊಸಬರ ಗಮನಕ್ಕೆ ಬರುವುದಿಲ್ಲ. ಇಡೀ ರಾಜ್ಯದಲ್ಲಿ, ಇಡೀ ಸೀಸನ್ನಿಗೆ, ಒಬ್ಬರಿಗೆ ಕೊಂಬಿನ ಜಿಂಕೆ ಒಂದೇ. ಬಿಲ್ಲಿನಲ್ಲಿ ಹೊಡೆದರೂ ಅಷ್ಟೇ, ಕೋವಿಯಲ್ಲಿ ಹೊಡೆದರೂ ಅಷ್ಟೇ. ಅಕ್ಟೋಬರ್‌ನಲ್ಲಿ ಬಾಣಕ್ಕೆ ಒಂದು ಚಿಕ್ಕ ಗಂಡು ಬಿದ್ದರೆ ಆಮೇಲೆ ಕೋವಿ ಹಿಡಿದು ಹೋದಾಗ ಹೆಣ್ಣು ಜಿಂಕೆ ಮಾತ್ರ. ಮಾಂಸ ಬೇಕು ಅನ್ನುವವರಿಗೆ ಇದರಲ್ಲಿ ನಷ್ಟವೇನಿಲ್ಲ. ಹೆಣ್ಣಿನ ಮಾಂಸವೇ ಮೆತ್ತಗೆ, ಸಾರಿಗೂ ಅದೇ ಚೆನ್ನ.

ಎರಡನೆಯದು ಜಾಗ. ಒಹಾಯೊದ ಬಹುಪಾಲು ಭೂಮಿ ಖಾಸಗಿ. ಯಾರದ್ದಾದರೂ ಹೊಲಕ್ಕೋ ಕಾಡಿಗೋ ಹೋಗಲು ಮಾಲೀಕರ ಲಿಖಿತ ಅನುಮತಿ ಬೇಕು, ಬಾಯಿಮಾತು ಸಾಲದು. ನಾನು ಕಂಡ ಹಾಗೆ ರೈತರು ಬಿಲ್ಲಿನವರಿಗೆ ಹೂಂ ಅಂದಷ್ಟು ಬೇಗ ಕೋವಿಯವರಿಗೆ ಅನ್ನುವುದಿಲ್ಲ. ಆ ಒಂದು ವಾರ ಅವರ ಮನೆಯವರೇ, ಅಳಿಯಂದಿರು ಮೊಮ್ಮಕ್ಕಳ ಸಮೇತ, ಬಂದು ಸೇರುತ್ತಾರೆ. ನಿಮ್ಮ ಡಬ್ಲಿನ್, ಪೊವೆಲ್ ಕಡೆ ಹಿತ್ತಲಿಗೇ ಜಿಂಕೆ ಬಂದು ಹೂಗಿಡ ತಿಂದು ಹೋಗುವುದು ನಿಜ. ಆದರೆ ಊರ ಮಿತಿಯೊಳಗೆ ಗುಂಡು ಹಾರಿಸುವ ಮಾತೇ ಇಲ್ಲ, ಬಿಲ್ಲಿಗೂ ಊರೂರಿಗೆ ಬೇರೆ ಕಟ್ಟಳೆ. ಮೊದಲು ನಿಮ್ಮ ನಗರದ ನಿಯಮ ಓದಿ. ಸಾರ್ವಜನಿಕ ಜಾಗ ಅಂದರೆ ಆಗ್ನೇಯದ ವೇಯ್ನ್ ನ್ಯಾಷನಲ್ ಫಾರೆಸ್ಟ್ ಇದೆ. ಗುಡ್ಡ, ಕಣಿವೆ, ಓಕ್ ಮರಗಳು, ಮಡಿಕೇರಿಯವರಿಗೆ ಹತ್ತಿಳಿಯುವುದು ಕಷ್ಟವಾಗಲಾರದು. ಕೋವಿ ವಾರದಲ್ಲಿ ಮಾತ್ರ ಅಲ್ಲಿ, ಶಿಕಾರಿಯವರು ಒಬ್ಬರಿಗೊಬ್ಬರು ಕಾಣಲೆಂದು ಹಾಕುವ ಕಿತ್ತಳೆ ಬಣ್ಣದ ಅಂಗಿಗಳೇ ಕಾಣುತ್ತವೆ. ಆ ದಿನಗಳಲ್ಲಿ ಬಿಲ್ಲಿನವರೂ ಕಿತ್ತಳೆ ಹಾಕಲೇಬೇಕು, ಅದು ಕಾನೂನು.

ಈಗ ವೀಸಾ. ಇದನ್ನು ಯಾರೂ ಹೇಳಿಲ್ಲ, ನಿಮ್ಮ ಮಟ್ಟಿಗೆ ಇದೇ ದೊಡ್ಡದು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಎಚ್-1ಬಿ, ಎಲ್-1, ಎಫ್-1 ತರಹದ ನಾನ್-ಇಮಿಗ್ರಂಟ್ (ಕಾಯಂ ವಾಸಕ್ಕಲ್ಲದ) ವೀಸಾದಲ್ಲಿರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ, ನಮಗೆ ಸಂಬಂಧಿಸಿದ್ದು ಒಂದು: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧ ನಿಮಗೆ ತಗಲುವುದಿಲ್ಲ. ಅಂಗಡಿಯಲ್ಲಿ ಕೋವಿ ಕೊಳ್ಳುವಾಗ ತುಂಬುವ 4473 ಫಾರಂನಲ್ಲಿ ಇದೇ ಪ್ರಶ್ನೆ ಇರುತ್ತದೆ, ವಿನಾಯಿತಿಯ ದಾಖಲೆ ಕೇಳುತ್ತಾರೆ. ಹಾಗಾಗಿ ಕೋವಿ ಕೊಳ್ಳಲು ದಾರಿ ಇದೆ. ತೊಂದರೆ ಇರುವುದು ಆಮೇಲೆ. ಸೀಸನ್ ಮುಗಿಯಿತು ಅಂತ ಲೈಸೆನ್ಸ್ ನವೀಕರಿಸುವುದನ್ನು ಮರೆತಿರಿ, ಕೋವಿ ಮಾತ್ರ ಬೀರುವಿನಲ್ಲೇ ಇದೆ. ಆ ದಿನದಿಂದ ವಿನಾಯಿತಿ ಇಲ್ಲ, ನೀವು ಅಪರಾಧಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಈ ಅಪಾಯ ಬೇಡವೇ ಬೇಡ. ಸ್ನೇಹಿತನ ಕೋವಿ ಎರವಲು ತಂದರೂ ಅದು ನಿಮ್ಮ ಕೈಯಲ್ಲಿದ್ದ ಹಾಗೇ ಲೆಕ್ಕ. ಎಚ್-4ರಲ್ಲಿರುವ ಮನೆಯವರಿಗೂ ಇದೇ ನಿಯಮ. ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧವಿಲ್ಲ. ಕೋವಿಯೇ ಬೇಕು ಅಂದರೆ ಕೊಳ್ಳುವ ಮೊದಲು ನಿಮ್ಮ ಇಮಿಗ್ರೇಶನ್ ವಕೀಲರಿಗೆ ಒಂದು ಮೇಲ್ ಹಾಕಿ. ಬಿಲ್ಲಿಗೆ, ಕ್ರಾಸ್‌ಬೋಗೆ (ಕೋವಿಯ ಹಾಗೆ ಹಿಡಿದು ಟ್ರಿಗರ್ ಎಳೆದು ಬಾಣ ಬಿಡುವ ಅಡ್ಡಬಿಲ್ಲು) ಈ ಫಾರಮ್ಮೂ ಇಲ್ಲ, ತಲೆನೋವೂ ಇಲ್ಲ. ಬೇಟೆ ಲೈಸೆನ್ಸ್ ಮತ್ತು ಜಿಂಕೆ ಪರ್ಮಿಟ್ ಮಾತ್ರ ಬಿಲ್ಲು, ಕೋವಿ ಎರಡಕ್ಕೂ ಬೇಕು, ಮೊದಲ ಸಲದವರು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು. ಕೋರ್ಸ್ ಮಾಡದೆ ಅನುಭವಿಗಳ ಜೊತೆ ಹೋಗಲು ಅಪ್ರೆಂಟಿಸ್ ಲೈಸೆನ್ಸ್ ಇದೆ, ಆದರೆ ಕೋರ್ಸ್ ಮಾಡುವುದೇ ಒಳ್ಳೆಯದು.

ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದಿದ್ದೇನೆ ಅಂತ ಬರೆದಿದ್ದೀರಿ. ಉಸಿರು ಹಿಡಿಯುವುದು, ಟ್ರಿಗರ್ ಎಳೆಯುವುದು ಕೈಗೆ ಬಂದಿರುತ್ತದೆ, ಅದು ದೊಡ್ಡ ಲಾಭ. ಆದರೆ ಕೋವಿ ಬೇರೆ. ಇಲ್ಲಿ ಜಿಂಕೆಗೆ ಶಾಟ್‌ಗನ್ನಿನಲ್ಲಿ ಒಂದೇ ಗುಂಡಿನ ಸ್ಲಗ್ ಹಾಕಬೇಕು, ಚರೆ ನಡೆಯುವುದಿಲ್ಲ. ಇಲ್ಲವೇ 2014ರಿಂದ ಬಿಟ್ಟಿರುವ ನೇರ ಮೈಯ ತೋಟಾದ ರೈಫಲ್. ಮೇಲೆ ಪೆನ್ಸಿಲ್ವೇನಿಯಾದ ಒಬ್ಬರು .308 ರೈಫಲ್ ತಗೊಳ್ಳಿ ಅಂದಿದ್ದಾರೆ. ಅದರ ತೋಟಾ ಕುತ್ತಿಗೆ ಕಿರಿದಾಗುವಂಥದ್ದು, ಒಹಾಯೊದಲ್ಲಿ ಜಿಂಕೆಗೆ ಕಾನೂನುಬಾಹಿರ. ಪೆನ್ಸಿಲ್ವೇನಿಯಾದವರ ಸಲಹೆ ಪೆನ್ಸಿಲ್ವೇನಿಯಾಕ್ಕೇ ಇರಲಿ. 2019ರಲ್ಲಿ ಬಂದ .350 ಲೆಜೆಂಡ್ ಅನ್ನುವ ನೇರ ಮೈಯ ತೋಟಾ ಇಂಥ ರಾಜ್ಯಗಳಿಗೆಂದೇ ತಯಾರಾದದ್ದು. ಭುಜಕ್ಕೆ ಒದೆತ ಕಡಿಮೆ, 150 ಗಜದವರೆಗೆ ಯಾವ ಯೋಚನೆಯೂ ಬೇಡ. .450 ಬುಷ್‌ಮಾಸ್ಟರ್ ಕೂಡ ಸರಿ, ಆದರೆ ಅದರ ಒದೆತ ತಿಂದು ಹೊಸಬರು ಕಣ್ಣುಮುಚ್ಚಿ ಹೊಡೆಯಲು ಕಲಿಯುತ್ತಾರೆ. ಯಾವುದಾದರೂ ಕೋವಿಯಲ್ಲಿ ಒಟ್ಟು 3ಕ್ಕಿಂತ ಹೆಚ್ಚು ತೋಟಾ ಇರಬಾರದು. ರೇಂಜ್ ಬೇಕಾದರೆ ನಿಮಗೆ ಹತ್ತಿರದಲ್ಲೇ ಡೆಲವೇರ್ ವೈಲ್ಡ್‌ಲೈಫ್ ಏರಿಯಾದಲ್ಲಿದೆ.

ಬಿಲ್ಲಿನ ವಿಷಯಕ್ಕೆ ಬಂದರೆ ಇಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ಚರ್ಚೆಯಲ್ಲಿ ಎರಡೂ ಕಲಸಿಹೋಗಿವೆ. ಗಾಲಿಗಳಿರುವ ಕಾಂಪೌಂಡ್ ಬಿಲ್ಲು ಒಂದು, ಕ್ರಾಸ್‌ಬೋ ಇನ್ನೊಂದು. ಒಹಾಯೊದಲ್ಲಿ ಬಿಲ್ಲಿನ ಸೀಸನ್ ಪೂರ್ತಿ ಎರಡಕ್ಕೂ ಅವಕಾಶವಿದೆ.

ಕಾಂಪೌಂಡ್‌ನಲ್ಲಿ ಹೆದೆ ಪೂರ್ತಿ ಎಳೆದ ಮೇಲೆ ಭಾರದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇಳಿದುಬಿಡುತ್ತದೆ, ಹಾಗಾಗಿ ಹಿಡಿದು ಕಾಯಬಹುದು. ಎಳೆಯುವುದೇ ಕಷ್ಟ. ಜಿಂಕೆಗೆ ಬಳಸುವ ಬಿಲ್ಲಿನ ಎಳೆತದ ಭಾರ ಕನಿಷ್ಠ 40 ಪೌಂಡ್ ಇರಬೇಕೆಂದು ಕಾನೂನು. ಅಂಗಡಿಯವರು 70 ಪೌಂಡ್ ಕೈಗೆ ಕೊಟ್ಟರೆ ವಾಪಸ್ ಕೊಡಿ. ದಿನವಿಡೀ ಕೀಬೋರ್ಡ್ ಮುಂದೆ ಕುಳಿತ ಭುಜಕ್ಕೆ 50 ಸಾಕು, ಜಿಂಕೆಗೂ ಸಾಕು. ಕುರ್ಚಿಯಲ್ಲಿ ಕುಳಿತು, ಎರಡೂ ಪಾದ ಎತ್ತಿ, ಬಿಲ್ಲನ್ನು ಆಕಾಶಕ್ಕೆ ಎತ್ತದೆ ನೇರವಾಗಿ ಎಳೆಯಲು ಆಗುತ್ತಾ ನೋಡಿ. ಆಗದಿದ್ದರೆ ಭಾರ ಇಳಿಸಿ. ಚಳಿಯಲ್ಲಿ ಎರಡು ಗಂಟೆ ಮರಸು (ಮರದ ಮೇಲೆ ಅಡಗಿ ಕಾಯುವುದು) ಕೂತ ಮೇಲೆ, ಜಿಂಕೆ ನಿಮ್ಮತ್ತ ನೋಡದ ಮೂರೇ ಸೆಕೆಂಡಿನಲ್ಲಿ, ಸದ್ದಿಲ್ಲದೆ ಎಳೆಯಬೇಕಾಗುತ್ತದೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ, ಗುರಿಯಲ್ಲಿ ಅಲ್ಲ.

ದೂರದ ಲೆಕ್ಕ ಬರೆದುಕೊಡುತ್ತೇನೆ, ಯೂಟ್ಯೂಬ್ ನೋಡಿ 60 ಗಜದ ಆಸೆ ಹುಟ್ಟಿದ್ದರೆ ಇಳಿಯುತ್ತದೆ. ಸಾಧಾರಣ ಕಾಂಪೌಂಡ್‌ನ ಬಾಣ ಸೆಕೆಂಡಿಗೆ 280 ಅಡಿ ಹೋಗುತ್ತದೆ ಅಂತಿಟ್ಟುಕೊಳ್ಳಿ. ಶಬ್ದ ಸುಮಾರು 1,100 ಅಡಿ. 20 ಗಜದಲ್ಲಿ ಬಾಣಕ್ಕೆ 0.2 ಸೆಕೆಂಡ್, 40 ಗಜದಲ್ಲಿ 0.4 ಸೆಕೆಂಡ್‌ಗೂ ಸ್ವಲ್ಪ ಹೆಚ್ಚು. ಹೆದೆಯ ಸದ್ದು ಅದಕ್ಕಿಂತ ಬಹಳ ಮೊದಲೇ ಜಿಂಕೆಯ ಕಿವಿ ಮುಟ್ಟಿರುತ್ತದೆ. ಓಡಲು ಅದು ಮೊದಲು ಕಾಲು ಮಡಚಿ ಮೈ ಕುಗ್ಗಿಸುತ್ತದೆ. ಶ್ವಾಸಕೋಶಕ್ಕೆ ಇಟ್ಟ ಬಾಣ ಬೆನ್ನ ಮೇಲೆ ಹೋಗುತ್ತದೆ, ಇಲ್ಲವೇ ಬೆನ್ನೆಲುಬಿನ ಹತ್ತಿರ ಚುಚ್ಚಿ ಪ್ರಾಣಿ ಗಾಯದಲ್ಲೇ ಓಡುತ್ತದೆ. ಮೊದಲ ವರ್ಷ 20 ಗಜ, ತುಂಬಾ ಅಂದರೆ 25. ಕ್ರಾಸ್‌ಬೋ ಬಾಣ 400 ಅಡಿ ವೇಗದ್ದಾದರೂ ಅದರ ಸದ್ದೂ ಜೋರು, ಹಾಗಾಗಿ 35 ಗಜಕ್ಕೆ ನಿಲ್ಲಿಸಿ.

ಕ್ರಾಸ್‌ಬೋ ಕಲಿಯಲು ಒಂದೆರಡು ವಾರಾಂತ್ಯ ಸಾಕು. ಕೋವಿ ಹಿಡಿದ ಕೈಗೆ ಟ್ರಿಗರ್, ಸ್ಕೋಪ್ ಎಲ್ಲ ಪರಿಚಯವೇ. ಇದು ಬಿಲ್ಲೇ ಅಲ್ಲ ಅಂತ ಮೂಗು ಮುರಿಯುವವರು ಇದ್ದಾರೆ, ಮುರಿಯಲಿ. ಆದರೆ ಎರಡು ಅಪಾಯ. ಹೆದೆ ಓಡುವ ಹಾದಿಯ ಮೇಲೆ ಹೆಬ್ಬೆರಳು ಏಳಬಾರದು; ಏಳಿತೋ ತುದಿ ಹೋಯಿತು. ಬಾಣವಿಲ್ಲದೆ ಟ್ರಿಗರ್ ಎಳೆಯಬಾರದು, ಇಡೀ ಬಿಲ್ಲು ಸಿಡಿಯಬಹುದು. ಒಮ್ಮೆ ಹೆದೆ ಏರಿಸಿದರೆ ಹಲವು ಮಾಡೆಲ್‌ಗಳಲ್ಲಿ ಕೈಯಿಂದ ಇಳಿಸಲಾಗದು, ಸಂಜೆ ಟಾರ್ಗೆಟ್‌ಗೆ ಒಂದು ಹಳೇ ಬಾಣ ಹೊಡೆದೇ ಇಳಿಸಬೇಕು. ಅದಕ್ಕೊಂದು ಬಾಣ ಕಾರಿನಲ್ಲಿ ಇಟ್ಟಿರಿ.

ಸಾಯಿಸುವ ರೀತಿಯೂ ಬೇರೆ. ಗುಂಡು ಹೊಡೆತದ ಆಘಾತಕ್ಕೇ ಬೀಳಿಸಬಲ್ಲದು, ಅಲಗಿನ ಬಾಣ ರಕ್ತ ಹರಿಸಿ ಕೊಲ್ಲುತ್ತದೆ. ಅದಕ್ಕೇ ಬಾಣಕ್ಕೆ ಅಡ್ಡ ನಿಂತ ಜಿಂಕೆ ಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿದ್ದು, ಮುಂಗಾಲಿನ ಹಿಂದೆಯೇ. ಎದುರಿಗೆ ನೋಡುತ್ತಿರುವ ಜಿಂಕೆಗೆ ಬಾಣ ಬಿಡಬೇಡಿ. ಹೊಡೆದ ಮೇಲೆ ಮರದಿಂದ ಇಳಿಯದೆ ಅರ್ಧ ಗಂಟೆ ಸುಮ್ಮನೆ ಕೂತಿರಿ. ಬಾಣದ ಮೇಲೆ ನೊರೆನೊರೆ ತಿಳಿಗೆಂಪು ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪು ಇದ್ದರೆ ಯಕೃತ್ತು, ಮೂರು ನಾಲ್ಕು ಗಂಟೆ ಬಿಡಿ. ಹಸಿರು, ದುರ್ವಾಸನೆ ಬಂದರೆ ಹೊಟ್ಟೆಗೆ ತಗುಲಿದೆ, ಎಂಟು ಹತ್ತು ಗಂಟೆ ಆ ಕಡೆ ಹೋಗಲೇಬೇಡಿ. ಬೆನ್ನಟ್ಟಿದರೆ ಎದ್ದು ಮುಂದಿನ ಕೌಂಟಿಗೆ ಹೋಗುತ್ತದೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಇನ್ನೂ ಸೆಕೆ ಇರುವುದರಿಂದ ಹೀಗೆ ಕಾದಾಗ ಮಾಂಸ ಕೆಡುವ ಭಯವೂ ಇದೆ. ಐಸ್ ತುಂಬಿದ ಕೂಲರ್ ಇಲ್ಲದೆ ಆಗ ಹೋಗಬಾರದು. ಕೋವಿ ವಾರದ ಚಳಿಯಲ್ಲಿ ಈ ಅವಸರ ಇಲ್ಲ, ಆ ಮಟ್ಟಿಗೆ ಕೋವಿ ಗೆದ್ದಿತು.

ಯಾವುದೇ ಆಯುಧವಿರಲಿ, ಮರದ ಮೇಲಿನ ಅಟ್ಟಣೆಯಿಂದ ಬೀಳುವುದೇ ಇಲ್ಲಿ ದೊಡ್ಡ ಅಪಘಾತ. ಹಾರ್ನೆಸ್ (ಮೈಗೆ ಬಿಗಿಯುವ ಸುರಕ್ಷತಾ ಪಟ್ಟಿ) ಹಾಕಿಕೊಂಡು, ನೆಲ ಬಿಟ್ಟ ಕ್ಷಣದಿಂದ ಹಗ್ಗಕ್ಕೆ ಸಿಕ್ಕಿಸಿಕೊಂಡಿರಿ. ಊರಲ್ಲಿ ಅಡಿಕೆ ಮರ ಹತ್ತಿದ ಧೈರ್ಯ ಇಲ್ಲಿ ಬೇಡ. ಬಿಲ್ಲನ್ನೋ ಕೋವಿಯನ್ನೋ ಹೆಗಲಿಗೆ ಹಾಕಿಕೊಂಡು ಹತ್ತಬಾರದು. ಖಾಲಿ ಮಾಡಿ, ಹಗ್ಗ ಕಟ್ಟಿ, ಮೇಲೆ ಕೂತ ನಂತರ ಎಳೆದುಕೊಳ್ಳಿ.

ಖರ್ಚು ಹೆಚ್ಚು ಕಡಿಮೆ ಒಂದೇ. ಎಲ್ಲ ಜೋಡಿಸಿದ ಕಾಂಪೌಂಡ್ 500ರಿಂದ 900 ಡಾಲರ್, ಒಂದು ಕೆಲಸಕ್ಕೆ ಬರುವ ಕ್ರಾಸ್‌ಬೋ 400ರಿಂದ, ಸ್ಕೋಪ್ ಸಮೇತ .350 ರೈಫಲ್ಲೂ ಅದೇ ಸುಮಾರು.

ನನ್ನ ಅಭಿಪ್ರಾಯ ಕೇಳಿದ್ದಕ್ಕೆ: ಈ ವರ್ಷ ಕ್ರಾಸ್‌ಬೋ. ಈಗ ಜುಲೈ, ಕೋರ್ಸ್ ಆನ್‌ಲೈನ್‌ನಲ್ಲಿ ಮುಗಿಸಿ, ಆಗಸ್ಟ್‌ನಲ್ಲಿ ಹೊಲದ ಮಾಲೀಕರನ್ನು ಹುಡುಕಿ. ಡೆಲವೇರ್, ಯೂನಿಯನ್ ಕೌಂಟಿಗಳ ಸೋಯಾ ಹೊಲದವರಿಗೆ ಜಿಂಕೆಯ ಕಾಟ ಸಾಕಾಗಿರುತ್ತದೆ. ಮೊದಲ ಸಲ ಮಾತಾಡಿಸಲು ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ, ಆಯುಧ ಕಾರಿನಲ್ಲೂ ಇರಬಾರದು. ನವೆಂಬರ್ ಮೊದಲ ಎರಡು ವಾರಕ್ಕೆ ಆಫೀಸಿನ ರಜೆ ಈಗಲೇ ಬರೆದಿಡಿ. ಕಾಂಪೌಂಡ್ ಮೇಲೆ ಮನಸ್ಸಿದ್ದರೆ ಫೆಬ್ರವರಿಯಲ್ಲಿ ಕೊಂಡು ಮುಂದಿನ ಬೇಸಿಗೆ ಪೂರ್ತಿ ಅಭ್ಯಾಸ ಮಾಡಿ. ದಿನಕ್ಕೆ ಹತ್ತು ಬಾಣ ಸಾಕು, ಆದರೆ ಆ ದಿನದ ಮೊದಲ ಬಾಣವನ್ನೇ ಲೆಕ್ಕಕ್ಕೆ ಹಿಡಿಯಿರಿ. ಕಾಡಿನಲ್ಲಿ ಸಿಗುವುದು ಅದೊಂದೇ. ಕೋವಿಯನ್ನು ಗ್ರೀನ್ ಕಾರ್ಡ್ ಬಂದ ಮೇಲೆ ನೋಡಿಕೊಂಡರಾಯಿತು. ಖಾಸಗಿ ಜಮೀನಿನಲ್ಲಿ ಕೋವಿ ವಾರಕ್ಕೆ ಕರೆಯುವ ಸ್ನೇಹಿತರಿದ್ದರೆ ಮಾತ್ರ, ವಕೀಲರು ಸರಿ ಅಂದರೆ, ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಹೋಗಿ ಬನ್ನಿ.

ಜಿಂಕೆ ಬಿದ್ದರೆ ಮರುದಿನ ಮಧ್ಯಾಹ್ನ 12ರೊಳಗೆ ಗೇಮ್ ಚೆಕ್ ಮಾಡಿಸಬೇಕು, ಅಂದರೆ ಹೊಡೆದ ಜಿಂಕೆಯನ್ನು ಸರಕಾರಕ್ಕೆ ವರದಿ ಮಾಡಬೇಕು. ವಯಾಂಡಾಟ್, ಹಾರ್ಡಿನ್, ಮೇರಿಯನ್ ಕಡೆ ಹೋಗುವುದಾದರೆ ಅಲ್ಲಿ ಸಿಡಬ್ಲ್ಯುಡಿ ಅನ್ನುವ, ಜಿಂಕೆಗಳ ಮಿದುಳಿಗೆ ಬರುವ ಮಾರಕ ರೋಗದ ಕಾರಣ ಬೇರೆ ನಿಯಮಗಳಿವೆ, ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ.

ಕೊನೆಯದಾಗಿ, ಶಿಕಾರಿಗೆ ಒಂದು ಬ್ಯಾಗು ಬೇರೆಯೇ ಇಡಿ, ಅದನ್ನು ಊರಿಗೆ ಹೋಗುವ ವಿಮಾನಕ್ಕೆ ಯಾವತ್ತೂ ತೆಗೆದುಕೊಂಡು ಹೋಗಬೇಡಿ. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಬೆಂಗಳೂರು ಏರ್‌ಪೋರ್ಟಿನಲ್ಲಿ ಸಿಕ್ಕರೆ ಆರ್ಮ್ಸ್ ಆ್ಯಕ್ಟ್ ಕೇಸು. ಕೊಡವರಿಗೆ ಅಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ ಅನ್ನುವುದು ಆ ಹೊತ್ತಿನಲ್ಲಿ ಆಸರೆಗೆ ಬರುತ್ತದೆ ಅಂದುಕೊಳ್ಳಬೇಡಿ. ಕೊಂಬನ್ನೂ ಒಯ್ಯಬೇಡಿ. 1972ರ ವನ್ಯಜೀವಿ ಕಾಯ್ದೆ ಇರುವ ದೇಶದಲ್ಲಿ ಕಸ್ಟಮ್ಸ್ ಅಧಿಕಾರಿಗೆ ಇದು ಒಹಾಯೊದ್ದು, ಕಡವೆಯದ್ದಲ್ಲ ಅಂತ ವಿವರಿಸುತ್ತಾ ನಿಲ್ಲುವ ಕರ್ಮ ಯಾಕೆ? ನಿಮಗೆ ಯಾವ ಕೌಂಟಿಯಲ್ಲಿ ಜಾಗ ಸಿಗುವ ಹಾಗಿದೆ ಬರೆಯಿರಿ, ಮರಸಿಗೆ ಮರ ಹೇಗೆ ಆರಿಸುವುದು ಅನ್ನುವುದನ್ನು ಆಮೇಲೆ ಹೇಳುತ್ತೇನೆ.